ಮುನಿವೆಂಕಟಪ್ಪನ ಮಂಡಿನೋವು

ದೊಡ್ಡನೆಕ್ಕುಂದಿಯಲ್ಲಿ ಯಾವ ತುರ್ತೂ ಇಲ್ಲದೆ ಸುಮ್ಮನೆ ಓಡುತ್ತಿದ್ದವನು ಎಂದರೆ ಮುನಿವೆಂಕಟಪ್ಪ ಒಬ್ಬನೇ. ವಿಮಾನಪುರದ ಕಾರ್ಖಾನೆಯಲ್ಲಿ ಅವನು ಫಿಟ್ಟರ್. ನಲವತ್ತೈದನೇ ವಯಸ್ಸಿನಲ್ಲಿ ಅಲ್ಲಿನ ಕ್ರೀಡಾದಿನದ ಓಟದಲ್ಲಿ ಮೂರನೆಯವನಾಗಿ ಬಂದು ಒಂದು ಸ್ಟೀಲ್ ಡಬ್ಬಿ ಗೆದ್ದ. ಅಂದು ಹಿಡಿದ ಹುಚ್ಚು. ದಿನಾ ಬೆಳಗ್ಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಕೆರೆ ಏರಿಯ ಮೇಲಿಂದ ರಿಂಗ್ ರೋಡಿನವರೆಗೆ ಓಡಿ ಬರುತ್ತಿದ್ದ. "ಯಾರು ಅಟ್ಟಿಸ್ಕೊಂಡ್ ಬತ್ತಾವ್ರೆ, ಮುನಿವೆಂಕಟಪ್ಪ?" ಎಂದು ಹಾಲು ಹಾಕುವ ದೊಡ್ಡಮುನಿಯಪ್ಪ ದಿನಾ ಅದೇ ತಮಾಷೆ ಮಾಡುತ್ತಿದ್ದ.

ಎರಡು ಸಾವಿರದ ಮೂರರ ದೀಪಾವಳಿ ಹೊತ್ತಿಗೆ ಬಲಮಂಡಿ ಹಿಡಿಯಿತು. ಮೆಟ್ಟಿಲು ಇಳಿದರೆ ಚಳುಕು. ಡಾಕ್ಟರು ಬಗ್ಗಿಸಿ, ಒತ್ತಿ ನೋಡಿ, ಒಂದು ತಿಂಗಳು ಓಡಬೇಡ ಎಂದರು. ಹೆಂಡತಿ ಮುನಿಲಕ್ಷ್ಮಮ್ಮ ಮಾತ್ರೆ ನಂಬುವವಳಲ್ಲ. ಸಂಜೆ ಏಳಕ್ಕೆ ಹರಳೆಣ್ಣೆ ಬೆಚ್ಚಗೆ ಮಾಡಿ, ಅವನನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನೆಲದ ಮೇಲೆ ಕುಳಿತು ನೀವತೊಡಗಿದಳು.

ಇಪ್ಪತ್ತೆರಡು ವರ್ಷದ ಸಂಸಾರ. ಅಕ್ಕಿ ಮುಗೀತು, ಕರೆಂಟ್ ಬಿಲ್ ಬಂತು, ಇಷ್ಟೇ ಮಾತು. ಮಗಳು ದಿವ್ಯ ಮದುವೆಯಾಗಿ ಹೋದ ಮೇಲೆ ಅದೂ ಇರಲಿಲ್ಲ. ಈಗ ಎಣ್ಣೆ ನೀವುತ್ತಾ ಅವಳು ಮಾತಾಡತೊಡಗಿದಳು. ತವರಿನ ಹುಣಸೆಮರ, ಬಾವಿಗೆ ಬಿದ್ದ ಮೇಕೆ, ಧಾರೆಯ ಹೊತ್ತಲ್ಲಿ ಇವನ ಮೀಸೆ ನೋಡಿ ನಗು ತಡೆಯಲಾಗದೆ ಕೆಮ್ಮಿದ್ದು. ಮುನಿವೆಂಕಟಪ್ಪನಿಗೆ ಎಲ್ಲವೂ ಹೊಸದು. ಯಾವಾಗ ಏಳು ಗಂಟೆಯಾದೀತು ಎಂದು ಕಾಯುವಂತಾದ.

ತಿಂಗಳಿಗೆ ಮಂಡಿ ಪೂರ್ತಿ ವಾಸಿಯಾಯಿತು. ಅಯ್ಯೋ, ಅದನ್ನು ಬಾಯಿಬಿಟ್ಟು ಹೇಳಬಾರದಿತ್ತೇ ಈ ಪುಣ್ಯಾತ್ಮ? ನೋವಿಲ್ಲದಿದ್ದರೂ ಬಂದು ಕೂತ್ಕೊ ಎನ್ನಲು ನಮ್ಮ ಕಡೆ ಗಂಡಸರಿಗೆ ನಾಲಿಗೆ ಹೊರಳುವುದಿಲ್ಲ. ಸುಳ್ಳಾದರೆ ಸಲೀಸು. "ಇನ್ನೂ ಚಳುಕ್ ಐತೆ ಕಣೆ" ಎಂದ. ಆ ಸುಳ್ಳು ಉಳಿಸಿಕೊಳ್ಳಲು ಪ್ರಾಣದಂತಿದ್ದ ಓಟವನ್ನೇ ಬಿಟ್ಟ. ಶೂ ಮಂಚದ ಕೆಳಗೆ ಸೇರಿತು. ಮನೆಯಲ್ಲೂ ಬೀದಿಯಲ್ಲೂ ಕುಂಟಿಕೊಂಡೇ ಓಡಾಡಿದ. ಒಂದೇ ಒಂದು ಸಲ, ಕಾರ್ಖಾನೆಯ ಬಸ್ಸು ಹೊರಟೇಬಿಟ್ಟಾಗ, ಮೈಮರೆತು ಅದರ ಹಿಂದೆ ಓಡಿ ಹತ್ತಿದ. ಯಾರೂ ನೋಡಲಿಲ್ಲ ಅಂದುಕೊಂಡ.

ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಸಂಜೆ ಎಣ್ಣೆ ಬಟ್ಟಲು ಅವಳ ಕೈಯಿಂದ ಜಾರಿತು. ಎತ್ತಿಕೊಡಲು ಬಗ್ಗಿದ ಮುನಿವೆಂಕಟಪ್ಪ ಅವಳ ತೋಳು ನೋಡಿದ. ಊದಿಕೊಂಡು, ಬಳೆಗಳು ಚರ್ಮದೊಳಗೆ ಒತ್ತಿದ್ದವು. ಏನಿದು ಎಂದು ಗದರಿಸಿದ. ಎದೆಯಲ್ಲೊಂದು ಗಂಟು, ಸಂಕ್ರಾಂತಿಗೆ ಮುಂಚಿನಿಂದಲೂ ಇದೆ ಎಂದಳು. "ನಿಮ್ ಮಂಡಿ ಒಂದ್ ದಾರಿಗ್ ಬರ್ಲಿ, ಆಮೇಲ್ ತೋರ್ಸ್ಕೊಂಡ್ರಾಯ್ತು ಅಂತ ಸುಮ್ಕಿದ್ದೆ." ಏಳು ತಿಂಗಳು ಅವಳು ಇವನ ಮಂಡಿ ನೋಡಿದ್ದಳು, ಇವನು ಅವಳ ಕೈ ನೋಡಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಅವನನ್ನು ಹೊರಗೆ ಕರೆದರು. "ಗಂಟು ಕಂಡಾಗ್ಲೇ ಕರ್ಕೊಂಡ್ ಬಂದಿದ್ರೆ ಏನಾದ್ರೂ ಮಾಡ್ಬೋದಿತ್ತು. ಈಗ ಎಲ್ಲಾ ಕಡೆ ಹರಡಿದೆ."

ಒಳಗೆ ಬಂದು, ಮಂಚದ ಪಕ್ಕ ಕುಳಿತು, ಅವಳ ಕೈ ಹಿಡಿದುಕೊಂಡು ಅತ್ತ. "ನನ್ ಮಂಡಿ ಆವಾಗ್ಲೇ ವಾಸಿಯಾಗಿತ್ತು ಕಣೆ. ಸುಳ್ಳ್ ಹೇಳ್ದೆ. ನೀನು ಪಕ್ಕದಾಗೆ ಕೂತಿರ್ಲಿ ಅಂತ."

ಮುನಿಲಕ್ಷ್ಮಮ್ಮ ಅವನನ್ನೇ ನೋಡಿದಳು. "ಗೊತ್ತಿತ್ತು ಬುಡಿ. ನೀವು ಬಸ್ ಹಿಂದೆ ಓಡಿದ್ ದಿನ ನಾನು ನಲ್ಲಿ ತಾವ ನಿಂತಿದ್ದೆ. ಯುಗಾದಿಗೆ ಮುಂಚೇನೆ."

"ಮತ್ಯಾಕೆ ತೋರ್ಸ್ಕೊಳ್ಲಿಲ್ಲ?"

"ಆಸ್ಪತ್ರೆಗ್ ಸೇರ್ಸ್ಬುಟ್ರೆ ಸಂಜೆ ಹಂಗೆ ಕೂರಕ್ ಆಯ್ತದಾ? ಎಷ್ಟ್ ವರ್ಸಕ್ಕೆ ಸಿಕ್ಕಿತ್ತು. ಇನ್ನೊಂದ್ ತಿಂಗ್ಳು, ಇನ್ನೊಂದ್ ತಿಂಗ್ಳು ಅಂದ್ಕೊಂಡೆ."

ಗೌರಿಹಬ್ಬಕ್ಕೆ ಮೂರು ದಿನ ಇರುವಾಗ ಅವಳು ಹೋದಳು.

ತಿಥಿಯ ಮಾರನೇ ಬೆಳಗ್ಗೆ ಮುನಿವೆಂಕಟಪ್ಪ ಮಂಚದ ಕೆಳಗಿಂದ ಶೂ ಎಳೆದು ಹಾಕಿಕೊಂಡ. ನೋಯಲಿ ಎಂದೇ ಓಡಿದ. ಏರಿ ಮುಗಿಯಿತು, ರಿಂಗ್ ರೋಡು ಬಂತು, ಮಹದೇವಪುರದವರೆಗೂ ಹೋಗಿ ತಿರುಗಿದ. ಹಾಳು ಮಂಡಿ ಒಂದು ಸಲವಾದರೂ ಚುಳ್ಳೆನ್ನಲಿಲ್ಲ. ಊರಿನ ಬಾಗಿಲಲ್ಲಿ ದೊಡ್ಡಮುನಿಯಪ್ಪ ಹಾಲಿನ ಕ್ಯಾನು ಇಳಿಸಿ ನಿಂತಿದ್ದ. ಈ ಸಲ ತಮಾಷೆ ಮಾಡಲಿಲ್ಲ. "ಮಂಡಿ ವಾಸಿಯಾಯ್ತೇನಪ್ಪಾ?" ಎಂದು ಮೆಲ್ಲಗೆ ಕೇಳಿದ.

ಮುನಿವೆಂಕಟಪ್ಪ ರಸ್ತೆ ಬದಿಯಲ್ಲೇ ಕುಸಿದು ಕುಳಿತು, ಎರಡು ಕೈಯಿಂದಲೂ ಬಲಮಂಡಿಯನ್ನು ತಬ್ಬಿಕೊಂಡ.

"ಇಲ್ಲ ಕಣಣ್ಣ," ಎಂದ. "ಇನ್ನೂ ಚಳುಕ್ ಐತೆ."