ಇಂದ್ರಾಣಿಯ ಅರವತ್ತೊಂದು ದಿನ

ಆಡಿಟರ್ ಶಿವಮಲ್ಲಪ್ಪನವರ ಕೈಕೆಳಗೆ ಮೂರು ವರ್ಷ ಕಳೆಯುವುದೆಂದರೆ ಸಾಮಾನ್ಯ ಮಾತಲ್ಲ. ನಂಜನಗೂಡಿನ ಆರ್.ಪಿ. ರಸ್ತೆಯಲ್ಲಿದ್ದ ಅವರ ಮನೆಯ ಮುಂದಿನ ಕೋಣೆಯೇ ಆಫೀಸು. ಇಂದ್ರಾಣಿಗಿಂತ ಮುಂಚೆ ಅಲ್ಲಿಗೆ ಕೆಲಸ ಕಲಿಯಲು ಬಂದಿದ್ದ ನಾಲ್ವರಲ್ಲಿ ಇಬ್ಬರು ಮೊದಲ ತಿಂಗಳೇ ಮೈಸೂರಿನ ದಾರಿ ಹಿಡಿದಿದ್ದರು. ಒಬ್ಬ ಈ ಸಹವಾಸವೇ ಬೇಡವೆಂದು ಬಟ್ಟೆ ಅಂಗಡಿ ಇಟ್ಟಿದ್ದ. ನಾಲ್ಕನೆಯವನ ಸುದ್ದಿಯನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಹಾಗಂತ ಶಿವಮಲ್ಲಪ್ಪನವರು ಬೈಯುವ ಮನುಷ್ಯರೇನಲ್ಲ. ತಪ್ಪು ಕಂಡರೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಆ ಪುಟವನ್ನು ಎದುರಿಗಿದ್ದವರ ಕಡೆ ತಿರುಗಿಸಿ, ಸುಮ್ಮನೆ ಕೂತುಬಿಡುತ್ತಿದ್ದರು. ತಪ್ಪು ಎಲ್ಲಿದೆ ಅನ್ನುವುದನ್ನು ಅವರವರೇ ಹುಡುಕಬೇಕು. ಇದರ ಬದಲು ನಾಲ್ಕು ಮಾತು ಬೈದಿದ್ದರೇ ವಾಸಿಯಿತ್ತು ಎಂದು ಅಂದುಕೊಳ್ಳದವರಿಲ್ಲ. ಒಂದು ಸಲ ಹುಲ್ಲಹಳ್ಳಿ ಕಡೆಯ ಯಾವುದೋ ರೈಸ್ ಮಿಲ್ಲಿನ ಗುಮಾಸ್ತ ಪುಸ್ತಕದಲ್ಲಿ ಒಂದು ಅಂಕಿಯನ್ನು ಬ್ಲೇಡಿನಿಂದ ಕೆರೆದು ತಿದ್ದಿಕೊಂಡು ಬಂದಿದ್ದ. ಅವನನ್ನು ಮುಕ್ಕಾಲು ಗಂಟೆ ಹಾಗೇ ಕೂರಿಸಿ ಕೊನೆಗೆ ಹೇಳಿದ್ದು ಇಷ್ಟೇ: "ತಪ್ಪಾದ್ರೆ ಕೆರೀಬಾರದಪ್ಪ. ಅಡಿಕೋಲಿಟ್ಟು ಗೆರೆ ಎಳಿ, ಮೇಲೆ ಸರಿಯಾದ್ದು ಬರಿ, ಪಕ್ಕದಲ್ಲಿ ಸಹಿ ಹಾಕು. ಯಾರು ತಪ್ಪು ಮಾಡಿದ್ರು, ಯಾವತ್ತು ತಿದ್ದಿದ್ರು ಅಂತ ಗೊತ್ತಾಗ್ಬೇಕು." ಗೆರೆ ಎಳೆಯುವುದಕ್ಕೆಂದೇ ಅವರಲ್ಲಿ ಒಂದು ಕೆಂಪು ಶಾಯಿಯ ಪೆನ್ನಿತ್ತು. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ.

ಇಂಥವರ ಮುಂದೆ ಚನ್ನಯ್ಯ ತನ್ನ ಮಗಳನ್ನು ತಂದು ನಿಲ್ಲಿಸಿದ್ದು ತೊಂಬತ್ತೊಂಬತ್ತನೇ ಇಸವಿಯ ಫೆಬ್ರವರಿಯಲ್ಲಿ. ಬಿ.ಕಾಂ.ನಲ್ಲಿ ಒಳ್ಳೆಯ ಅಂಕ ತೆಗೆದಿದ್ದ ಇಂದ್ರಾಣಿಗೆ ಸಿ.ಎ. ಆಗುವ ಹಟ. ಬರೀ ಪರೀಕ್ಷೆ ಪಾಸಾದರೆ ಅದು ಆಗುವುದಿಲ್ಲ. ಪ್ರಾಕ್ಟೀಸ್ ಮಾಡುವ ಆಡಿಟರೊಬ್ಬರ ಹತ್ತಿರ ಮೂರು ವರ್ಷ ಕೆಲಸ ಕಲಿಯಬೇಕು, ಕಲಿತಳೆಂದು ಆ ಆಡಿಟರೇ ಫಾರಂ ತುಂಬಿ ಸಹಿ ಹಾಕಬೇಕು.

"ಎಷ್ಟು ಹೊತ್ತಿಗೆ ಬರ್ತೀಯಮ್ಮ?" ಎಂದು ಶಿವಮಲ್ಲಪ್ಪನವರು ಕೇಳಿದರು. ಟಿ. ನರಸೀಪುರದಿಂದ ದಿನಾ ಬಸ್ಸಿನಲ್ಲಿ ಬರಬೇಕಾಗಿದ್ದ ಹುಡುಗಿ ಬಾಯಿ ತೆರೆಯುವ ಮೊದಲೇ ಚನ್ನಯ್ಯ ಉತ್ತರ ಕೊಟ್ಟ. "ನಮ್ ಕೂಸು ಟೇಮಿಗೆ ಸರ್ಯಾಗಿ ಬತ್ತದೆ ಸಾ. ತಾಲ್ಲೂಕಾಪೀಸ್ನಲ್ಲಿ ಆಜರಿ ಪುಸ್ತಕ ಎತ್ತೋನು ನಾನೇಯ. ಅತ್ತೂವರೆ ಆಯ್ತು ಅಂದ್ರೆ ಎತ್ಕೊಂಡು ಸಾಯೇಬ್ರ ರೂಮಿಗೆ ಇಟ್ಬುಡ್ತೀನಿ. ಇಪ್ಪತ್ತಾರು ವರ್ಸದಿಂದ ಒಂದಿನಾ ಯಾರ್ಗೂ ಕಾದಿಲ್ಲ."

ಆ ಮಾತಿಗೆ ಶಿವಮಲ್ಲಪ್ಪನವರ ಕನ್ನಡಕ ಮೂಗಿನ ತುದಿಯಿಂದ ಮೇಲೇರಿತು. ಹುಡುಗಿಯನ್ನು ಸೇರಿಸಿಕೊಂಡದ್ದು ಅವಳ ಅಂಕಪಟ್ಟಿ ನೋಡಿಯೋ ಅವಳಪ್ಪನ ಹಾಜರಿ ಪುಸ್ತಕ ಕೇಳಿಯೋ, ಹೇಳುವುದು ಕಷ್ಟ.

ಮೊದಲ ವಾರ ಇಂದ್ರಾಣಿ ತಂದ ಬುತ್ತಿಯನ್ನು ಆಫೀಸಿನ ಮೂಲೆಯಲ್ಲಿ ಕೂತು ತಿಂದಳು. ಎರಡನೇ ವಾರ ಶಿವಮಲ್ಲಪ್ಪನವರ ಹೆಂಡತಿ ಪುಟ್ಟಬಸಮ್ಮ ಬಾಗಿಲಲ್ಲಿ ನಿಂತು, "ಯಾಕ್ ಕೂಸೇ, ಒಂಟಿ ದೆವ್ವದಂಗೆ ಅಲ್ಲಿ ಕೂತಿದ್ದೀಯ? ಒಳೀಕೆ ಬಾ. ನಿಮ್ಮವ್ವ ಏನ್ ಕಟ್ಟವ್ಳೆ ನಾನೂ ನೋಡ್ಬೇಕು" ಎಂದು ಕರೆದರು. ಒಳಗೆ ಹೋಗಬಹುದೋ ಬಾರದೋ ಎಂದು ಹೊಸ್ತಿಲಲ್ಲಿ ತಡೆದು ನಿಂತವಳ ಕೈಯಿಂದ ಡಬ್ಬಿ ಕಿತ್ತುಕೊಂಡು ಒಳನಡೆದರು. ಅವತ್ತಿನಿಂದ ಇಂದ್ರಾಣಿಯ ಅವ್ವ ಮಾದಮ್ಮನ ಉಪ್ಪುಸಾರು ಪುಟ್ಟಬಸಮ್ಮನ ತಟ್ಟೆಗೂ ಪುಟ್ಟಬಸಮ್ಮನ ಪಲ್ಯ ಇಂದ್ರಾಣಿಯ ಡಬ್ಬಿಗೂ ಓಡಾಡಿಕೊಂಡಿದ್ದವು.

ಎರಡನೇ ವರ್ಷದ ಜೂನ್ ತಿಂಗಳಲ್ಲಿ ಮಾದಮ್ಮ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಮನೆಯಲ್ಲಿ ಇನ್ನೊಂದು ಹೆಣ್ಣು ಜೀವವಿರಲಿಲ್ಲ. ಇಂದ್ರಾಣಿ ಜೂನ್, ಜುಲೈ ಪೂರ್ತಿ, ಆಗಸ್ಟಿನಲ್ಲಿ ಒಂದಿಷ್ಟು ದಿನ ಅವ್ವನ ಮಂಚದ ಪಕ್ಕದಲ್ಲೇ ಇದ್ದಳು. ತಿರುಗಿ ಬಂದಾಗ ಶಿವಮಲ್ಲಪ್ಪನವರು "ಅಮ್ಮ ನಡೀತಾರಾ?" ಎಂದರು. "ಗೋಡೆ ಹಿಡ್ಕೊಂಡು ನಡೀತಾರೆ ಸಾರ್" ಎಂದಳು. "ಸರಿ, ಆ ಫೈಲು ತಗೊ" ಎಂದರು. ಮಾತು ಅಲ್ಲಿಗೆ ಮುಗಿಯಿತು.

ಎರಡು ಸಾವಿರದ ಎರಡರ ಜನವರಿಯಲ್ಲಿ ಫೈನಲ್ ಪರೀಕ್ಷೆಯ ಫಲಿತಾಂಶ ಬಂತು. ಇಂದ್ರಾಣಿ ಪಾಸು. ಚನ್ನಯ್ಯ ತಾಲ್ಲೂಕು ಆಫೀಸಿಗೆಲ್ಲ ಮೈಸೂರು ಪಾಕು ಹಂಚಿದ. ಶಿವಮಲ್ಲಪ್ಪನವರು ಏನೂ ಹಂಚದೆ, ಬಸ್ಸು ಹತ್ತಿ ಊರಾಚೆಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಹೋಗಿ, ಲೆಕ್ಕಪತ್ರ ವಿಭಾಗದ ಅಧಿಕಾರಿಯ ಹುದ್ದೆಗೆ ಇವಳ ಹೆಸರು ಹೇಳಿ ಬಂದರು. ಸಂದರ್ಶನವೂ ಆಯಿತು. ಏಪ್ರಿಲ್ ಒಂದರೊಳಗೆ ಮೂರು ವರ್ಷ ಮುಗಿಸಿದ ಪತ್ರ ತಂದರೆ ಕೆಲಸ ನಿಮ್ಮದು, ತರದಿದ್ದರೆ ಪಟ್ಟಿಯಲ್ಲಿರುವ ಮುಂದಿನವರದು ಎಂದು ಕಾರ್ಖಾನೆಯವರು ಸ್ಪಷ್ಟವಾಗಿ ತಿಳಿಸಿದರು.

ಫೆಬ್ರವರಿ ಹದಿನಾಲ್ಕಕ್ಕೆ ಮೂರು ವರ್ಷ ತುಂಬಿತು. ಅವತ್ತು ಸಂಜೆ ಶಿವಮಲ್ಲಪ್ಪನವರು ತುಂಬಿದ ಫಾರಮನ್ನೂ ಹಾಜರಿ ಪುಸ್ತಕವನ್ನೂ ಅವಳ ಮುಂದೆ ತಳ್ಳಿ, "ಒಂದ್ಸಲ ತಾಳೆ ನೋಡಿ ಕೊಡು, ನಾಳೆ ಸಹಿ ಹಾಕ್ತೀನಿ" ಎಂದು ಒಳಗೆ ಹೋದರು. ಆ ಪುಸ್ತಕ ಇಷ್ಟು ದಿನ ಅವರ ಡ್ರಾಯರಿನಲ್ಲೇ ಇರುತ್ತಿತ್ತು. ಹಾಜರಿದ್ದರೆ "ಹಾ", ಗೈರಾದರೆ "ಗೈ" ಎಂದು ಅವರೇ ಬರೆಯುತ್ತಿದ್ದರು.

ನಿಯಮದ ಪ್ರಕಾರ ಕೆಲಸ ಮಾಡಿದ ಅವಧಿಯ ಏಳನೇ ಒಂದು ಪಾಲು ರಜೆ ಸಿಗುತ್ತದೆ. ಅದಕ್ಕಿಂತ ಹೆಚ್ಚಾದರೆ ಅಷ್ಟೂ ದಿನ ಮತ್ತೆ ಕೆಲಸ ಮಾಡಿ ತುಂಬಿಕೊಡಬೇಕು. ಇಂದ್ರಾಣಿಯ ಪಾಲು ಪರೀಕ್ಷೆಗೆ ಓದುವ ರಜೆಗೇ ಸರಿಹೋಗಿತ್ತು. ಫಾರಮಿನಲ್ಲಿ "ಹೆಚ್ಚುವರಿ ರಜೆ" ಎಂಬ ಜಾಗದಲ್ಲಿ ಸೊನ್ನೆ ಇತ್ತು. ಅವಳು ಪುಸ್ತಕದಲ್ಲಿ ಎರಡು ಸಾವಿರದ ಇಸವಿಯ ಜೂನ್ ತಿಂಗಳನ್ನು ತೆಗೆದಳು. ಹಾ, ಹಾ, ಹಾ. ಜುಲೈ ತುಂಬಾ ಹಾ. ಅವ್ವನ ಮಂಚದ ಪಕ್ಕ ಕೂತಿದ್ದ ಅರವತ್ತೊಂದು ಕೆಲಸದ ದಿನವೂ ಅವಳು ನಂಜನಗೂಡಿನ ಆಫೀಸಿನಲ್ಲಿ ಹಾಜರಿದ್ದಳು. ಬರೆದದ್ದು ಬೇರೆ ಯಾರೂ ಅಲ್ಲ, ಸಾಕ್ಷಾತ್ ಶಿವಮಲ್ಲಪ್ಪನವರು. ಇಂದ್ರಾಣಿಗೆ ಆ ಮನುಷ್ಯನ ಮೇಲೆ ಉಕ್ಕಿ ಬಂದ ಪ್ರೀತಿಗೂ ಅದರ ಜೊತೆಗೇ ಎದ್ದ ಸಂಕಟಕ್ಕೂ ಲೆಕ್ಕವಿರಲಿಲ್ಲ.

ಮನೆಗೆ ಹೋಗಿ ಅಪ್ಪನಿಗೆ ಹೇಳಿದಳು. ಇಪ್ಪತ್ತೊಂಬತ್ತು ವರ್ಷ ಯಾರಿಗೂ ಕಾಯದೆ ಪುಸ್ತಕ ಎತ್ತಿದ ಅಪ್ಪ ತನ್ನ ಪರವಾಗಿ ನಿಂತೇ ನಿಲ್ಲುತ್ತಾನೆಂದು ನಂಬಿದ್ದಳು. ಚನ್ನಯ್ಯ ಕಾಫಿ ಲೋಟವನ್ನು ಎರಡು ಸಲ ತಿರುಗಿಸಿದ.

"ಸೈನ್ ಆಕ್ಸ್ಕೊಂಡು ಬಾ ಮಗಾ."

"ಅಪ್ಪಾ, ನೀನಾ ಹೀಗೆ ಹೇಳ್ತಿರೋದು?"

"ಅದು ಸರ್ಕಾರದ ಪುಸ್ತಕ. ಇದು ನಿನ್ ಬದುಕು." ಚನ್ನಯ್ಯ ಮಗಳ ಮುಖ ನೋಡಲಿಲ್ಲ. "ನಾ ಏನ್ ಕಲ್ಲಾ?"

ಒಳಗಿನಿಂದ ಮಾದಮ್ಮ ಗೋಡೆ ಹಿಡಿದು ಬಂದು, ಮಗಳ ಪಕ್ಕ ಕೂತು, ಅವಳ ಮಂಡಿಯ ಮೇಲೆ ಕೈಯಿಟ್ಟಳು. ಬೆಳಿಗ್ಗೆ ಬಸ್ ಸ್ಟ್ಯಾಂಡಿನವರೆಗೂ ಬಂದ ಚನ್ನಯ್ಯ, ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು ಹೇಳಿದ: "ನಿಂಗೆ ಎಂಗ್ ಸರಿ ಕಾಣ್ತದೋ ಅಂಗೇ ಮಾಡು. ನಾ ರಾತ್ರಿ ಯೋಳಿದ್ದು ಮನ್ಸಿಗೆ ಆಕ್ಕೋಬ್ಯಾಡ."

ಆಫೀಸಿನಲ್ಲಿ ಶಿವಮಲ್ಲಪ್ಪನವರು ಪೆನ್ನಿನ ಮುಚ್ಚಳ ತೆಗೆದು ತಯಾರಾಗಿದ್ದರು.

"ಸಾರ್, ಹೆಚ್ಚುವರಿ ರಜೆ ಸೊನ್ನೆ ಅಂತ ಬರೆದಿದ್ದೀರಿ. ಅರವತ್ತೊಂದು ದಿನ ಆಗ್ಬೇಕು."

"ಪುಸ್ತಕದಲ್ಲಿ ಇರೋದನ್ನ ಬರೆದಿದ್ದೀನಿ."

"ಪುಸ್ತಕದಲ್ಲೇ ತಪ್ಪಿದೆ ಸಾರ್."

ಮೂವತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವರಿಗೆ ಯಾರೂ ಈ ಮಾತು ಹೇಳಿರಲಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಯಿತು. ಇಂದ್ರಾಣಿ ಜೂನ್ ತಿಂಗಳ ಪುಟವನ್ನು ಅವರ ಕಡೆಗೆ ತಿರುಗಿಸಿ, ಸುಮ್ಮನೆ ಕೂತಳು. ಅವರಿಂದಲೇ ಕಲಿತ ವಿದ್ಯೆ ಅದು. ಶಿವಮಲ್ಲಪ್ಪನವರು ಪುಟ ನೋಡಿದರು, ಕಿಟಕಿ ನೋಡಿದರು, ಮತ್ತೆ ಪುಟ ನೋಡಿದರು.

"ಕೆಲಸ ಹೋಗುತ್ತೆ, ಗೊತ್ತಾ?"

"ಗೊತ್ತು ಸಾರ್."

"ಹಂಗಿದ್ರೆ ಸೋಮವಾರದಿಂದ ಬಾ" ಎಂದು ಪುಸ್ತಕವನ್ನು ಡ್ರಾಯರಿಗೆ ಹಾಕಿ ಬೀಗ ಜಡಿದರು.

ಆಮೇಲೆ ಶುರುವಾಯಿತು ನೋಡಿ, ಮೌನ. ಸೋಮವಾರದಿಂದ ಶಿವಮಲ್ಲಪ್ಪನವರು ಇಂದ್ರಾಣಿಯ ಜೊತೆ ನೇರವಾಗಿ ಮಾತಾಡುವುದನ್ನೇ ಬಿಟ್ಟರು. ಮೂರು ಅಡಿ ದೂರದಲ್ಲಿ ಕೂತವಳಿಗೆ, "ಬಸಮ್ಮಾ, ಆ ಹುಡುಗಿಗೆ ಹೆಮ್ಮರಗಾಲದವರ ಫೈಲು ತರೋಕೆ ಹೇಳು" ಎಂದು ಅಡುಗೆಮನೆಗೆ ಕೂಗಿ ಹೇಳುವರು. ಪುಟ್ಟಬಸಮ್ಮ ಅಲ್ಲಿಂದಲೇ, "ಕೂಸೇ, ನಿಂಗೆ ಕೇಳಿಸ್ತಾ, ನಾನೂ ಒಂದ್ಸಲ ಕೂಗ್ಲಾ?" ಎಂದು ಕೇಳುವರು. ದಿನಾ ಬೆಳಿಗ್ಗೆ ಅವಳು ಬಂದೊಡನೆ ಮಾತ್ರ ಕೈ ಚಾಚಿ ಅವಳ ಅಡಿಕೋಲು ಇಸಿದುಕೊಂಡು, ಹಾಜರಿ ಪುಸ್ತಕದ ಮೇಲೆ ಬಾಗಿ ಕೂರುತ್ತಿದ್ದರು. ಒಂದು "ಹಾ" ಬರೆಯುವುದಕ್ಕೆ ಇಷ್ಟು ಹೊತ್ತು ಯಾಕೆ ಬೇಕೋ ಅವಳಿಗೆ ತಿಳಿಯದು. ಬಂದ ನಿಮಿಷವನ್ನೂ ಬರೆದುಕೊಳ್ಳುತ್ತಿರಬೇಕು, ಅಷ್ಟು ಸಿಟ್ಟಿದೆ ನನ್ನ ಮೇಲೆ ಎಂದು ನೊಂದುಕೊಂಡಳು.

ಒಂದು ದಿನ ಊಟಕ್ಕೆ ಕೂತಾಗ ಕಣ್ಣಲ್ಲಿ ನೀರು ಬಂತು. ಪುಟ್ಟಬಸಮ್ಮ ಅನ್ನದ ಮೇಲೆ ತುಪ್ಪ ಹಾಕುತ್ತಾ ಹೇಳಿದರು: "ಸಿಟ್ಟು ನಿನ್ ಮ್ಯಾಲಲ್ಲ ಕಣವ್ವ. ನಿಮ್ಮವ್ವ ಬಿದ್ದಿದ್ದಾಗ ದಿನಾ ಪುಸ್ತಕ ತೆಗ್ದು ಕೂರೋರು. 'ಹೆತ್ತವ್ವನ ಸೇವೆ ಮಾಡ್ತಾ ಇರೋಳ್ನ ಗೈರು ಅಂತ ಬರೆಯಕ್ಕೆ ಕೈ ಬರ್ತಿಲ್ಲ ಬಸಮ್ಮ' ಅನ್ನೋರು. ನಾನೂ ಬರೀಬ್ಯಾಡಿ ಬುಡಿ ಅಂದೆ. ನಂಗೇನ್ ಗೊತ್ತು, ಆಮ್ಯಾಕೆ ಇಂಗೆ ಬಂದು ಕೂತ್ಕತದೆ ಅಂತ?"

ಏಪ್ರಿಲ್ ಒಂದು ಬಂತು, ಹೋಯಿತು. ಕಾರ್ಖಾನೆಯ ಕೆಲಸ ಪಟ್ಟಿಯ ಮುಂದಿನವರ ಪಾಲಾಯಿತು. ಕಾರ್ಖಾನೆಯವರು ಕಳಿಸಿದ ಪತ್ರ ಓದಿದ ಇಂದ್ರಾಣಿ ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದು ಮತ್ತೆ ಫೈಲು ಬಿಚ್ಚಿದಳು. ಅವತ್ತು ಶಿವಮಲ್ಲಪ್ಪನವರು ಮಧ್ಯಾಹ್ನ ಊಟ ಮಾಡಲಿಲ್ಲ ಎಂದು ಅವಳಿಗೆ ಆಮೇಲೆ ತಿಳಿಯಿತು.

ಶಿವರಾತ್ರಿ, ಯುಗಾದಿ ಎಲ್ಲ ಕಳೆದು ಅರವತ್ತೊಂದನೇ ದಿನ ಬಿದ್ದದ್ದು ಮೇ ಎರಡರ ಗುರುವಾರ. ಇಂದ್ರಾಣಿ ಬಂದು ಕೂತಳು. ಅವತ್ತು ಶಿವಮಲ್ಲಪ್ಪನವರು ಅಡಿಕೋಲು ಕೇಳಲಿಲ್ಲ. ಡ್ರಾಯರಿನಿಂದ ಹಾಜರಿ ಪುಸ್ತಕ ತೆಗೆದು ಅವಳ ಮುಂದಿಟ್ಟು, ಎರಡೂವರೆ ತಿಂಗಳಾದ ಮೇಲೆ ಮೊದಲ ಸಲ ಅವಳೊಂದಿಗೇ ಮಾತಾಡಿದರು.

"ಇದು ನಿನ್ನ ಕೊನೇ ಕೆಲಸ. ಈ ಪುಸ್ತಕ ಆಡಿಟ್ ಮಾಡು."

ಅವಳು ಎರಡು ಸಾವಿರದ ಜೂನ್ ತೆಗೆದಳು. ಮೊದಲ "ಹಾ" ಮೇಲೆ ಅಡಿಕೋಲಿಟ್ಟು ಎಳೆದ ಕೆಂಪು ಗೆರೆ. ಮೇಲೆ "ಗೈ". ಪಕ್ಕದಲ್ಲಿ ಸಣ್ಣಗೆ ಅವರ ಸಹಿ, ಕೆಳಗೆ ತಾರೀಖು: 18-2-2002. ಅದರ ಮುಂದಿನದಕ್ಕೂ ಗೆರೆ, ಸಹಿ, ತಾರೀಖು 19. ಅದರ ಮುಂದಿನದು 20. ಅವಳು ಬಂದು ತುಂಬಿದ ಒಂದೊಂದು ದಿನಕ್ಕೂ ಅವರು ತಮ್ಮ ಒಂದೊಂದು ತಪ್ಪನ್ನು ಒಪ್ಪಿಕೊಂಡು ಸಹಿ ಹಾಕಿದ್ದರು. ಎಲ್ಲವನ್ನೂ ಒಂದೇ ದಿನ ಕೂತು ತಿದ್ದಬಹುದಿತ್ತು. ಹಾಗೆ ಮಾಡಿರಲಿಲ್ಲ. ಏಪ್ರಿಲ್ ಒಂದರ ಸಹಿ ಮಾತ್ರ ಸ್ವಲ್ಪ ಅಲುಗಿತ್ತು.

ಆಗಸ್ಟ್ ಪುಟದ ಕೊನೆಯ "ಹಾ" ಹಾಗೇ ಉಳಿದಿತ್ತು.

"ಒಂದು ಬಾಕಿ ಇದೆ ಸಾರ್" ಎಂದಳು.

"ಗೊತ್ತು. ಅಡಿಕೋಲು ಜಾರುತ್ತೆ, ಈ ಕಡೆ ಹಿಡ್ಕೊ."

ಇಂದ್ರಾಣಿ ಅಡಿಕೋಲಿನ ತುದಿ ಒತ್ತಿ ಹಿಡಿದಳು. ಶಿವಮಲ್ಲಪ್ಪನವರು ಗೆರೆ ಎಳೆದರು, "ಗೈ" ಬರೆದರು, ಸಹಿ ಹಾಕಿದರು, ತಾರೀಖು ಹಾಕಿದರು. ಅವಳ ಕೆನ್ನೆಯ ಮೇಲೆ ಇಳಿಯುತ್ತಿದ್ದುದನ್ನು ನೋಡಿ, "ಪುಟದ ಮೇಲೆ ಬೀಳಿಸ್ಬೇಡಮ್ಮ, ಶಾಯಿ ಹರಡುತ್ತೆ" ಎಂದರು. ಬಾಗಿಲಲ್ಲಿ ಪುಟ್ಟಬಸಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

ಫಾರಮಿಗೆ ಸಹಿ ಬಿದ್ದ ಮೇಲೆ ಶಿವಮಲ್ಲಪ್ಪನವರು ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದರು.

"ನೋಡು, ಇನ್ನೆಲ್ಲಾದ್ರೂ ತಪ್ಪಿದ್ಯಾ?"

"ಇಲ್ಲ ಸಾರ್."

"ಹಂಗಿದ್ರೆ ಪುಟದ ಕೆಳಗೆ, ಪರಿಶೀಲಿಸಿದೆ ಅಂತ ಬರೆದು ಆಡಿಟರು ಸಹಿ ಹಾಕ್ಬೇಕು" ಎಂದು, ತಮ್ಮ ಕೆಂಪು ಪೆನ್ನನ್ನು ಅವಳ ಕೈಗೆ ಕೊಟ್ಟರು.