ನಲವತ್ತು ನಿಮಿಷ

ಅಂಗಳದಲ್ಲಿ ಇನ್ನೂ ಹತ್ತು ಕುರ್ಚಿ ಹಾಕುತ್ತಿರುವಾಗಲೇ ಮತ್ತೊಂದು ಗುಂಪು ಗೇಟು ದಾಟಿ ಬಂತು. ತೀರಿಕೊಂಡವಳ ತಮ್ಮ ಕಣ್ಣು ಕಣ್ಣು ಬಿಟ್ಟ.

"ಇವ್ರೆಲ್ಲ ಯಾರಪ್ಪಾ? ನಮ್ಮಕ್ಕ ನೀರಿನ ಕಚೇರೀಲಿ ಮೂವತ್ತು ವರ್ಷ ಕಂಪ್ಯೂಟರ್ ಮುಂದೆ ಕೂತೋಳು. ಕೂತಲ್ಲೇ ಊರು ಕಟ್ಟಿದ್ಲಾ?"

ಅವಳ ಪಕ್ಕದ ಮೇಜಿನ ಸಹೋದ್ಯೋಗಿ ತಲೆ ತಗ್ಗಿಸಿದ. ಇವರಲ್ಲಿ ಒಬ್ಬರ ಮುಖವನ್ನೂ ಅವನು ಕಂಡಿರಲಿಲ್ಲ. ಅಕ್ಕ ಕಚೇರಿಯ ಕಡತದಲ್ಲಿ ಬರೆದ ಸಾಲುಗಳಲ್ಲಿ ಇವರ ಹೆಸರುಗಳ ಮೇಲೆ ಬರೀ ಕಣ್ಣಾಡಿಸಿದ್ದ. ಹೋದ ವಾರ ಆ ಸಾಲುಗಳನ್ನು ಅಳಿಸಿದವನೂ ಅವನೇ.

*

ಊರಿನ ಪಂಪು, ಟ್ಯಾಂಕುಗಳನ್ನು ನಡೆಸುವ ಪ್ರೋಗ್ರಾಮಿನ ಬಗ್ಗೆ ಕಚೇರಿಯವರೆಲ್ಲ ಸೇರಿ ಬರೆಯುವ ಕಡತವೊಂದಿತ್ತು. ಏನು ಮಾಡಬೇಕು ಎಂಬುದರ ಜೊತೆಗೆ ಯಾರು ಹೇಳಿದರು, ಯಾಕೆ ಹೇಳಿದರು ಎಂಬುದನ್ನೂ ಅಕ್ಕ ಸೇರಿಸುತ್ತಿದ್ದಳು.

"ಇದೇನಕ್ಕ, ಕಡತಾನೋ ಕಟ್ಟೆಹರಟೇನೋ?" ಎಂದು ಅವನು ಒಮ್ಮೆ ನಕ್ಕಿದ್ದ.

"ಯಾಕೆ ಅನ್ನೋದು ಪ್ರೋಗ್ರಾಮಿಗೆ ಗೊತ್ತಿರಲ್ಲ ಕಣೋ. ವಾಲ್ವು ತಿರುಗಿಸೋನಿಗೆ ಗೊತ್ತಿರುತ್ತೆ."

ಅವಳು ಆಸ್ಪತ್ರೆ ಸೇರಿದ ಮೇಲೆ ಅವನು ಯಾರು, ಯಾಕೆ ಎಂಬ ಸಾಲುಗಳನ್ನೆಲ್ಲ ಸರಿಯಾಗಿ ಓದದೆಯೇ ಅಳಿಸಿ ಕಡತವನ್ನು ಚೊಕ್ಕ ಮಾಡಿದ. ಪಂಪು ನಿಂತರೆ ಮತ್ತೆ ಶುರುಮಾಡಲು ನಲವತ್ತು ನಿಮಿಷ ಕಾಯುವುದು ದಂಡವೆನಿಸಿತು. ಮುಂದಿನ ವಾರದಿಂದ ಐದೇ ನಿಮಿಷವೆಂದು ಪ್ರೋಗ್ರಾಮಿನಲ್ಲಿ ಬದಲಿಸಿಟ್ಟ.

*

"ಅಮ್ಮನ ಜಾಗಕ್ಕೆ ಇನ್ಮೇಲೆ ನೀವೇ ಅಂತಲ್ಲ ಸಾರ್?" ಬೀದಿಯ ವಾಲ್ವು ತಿರುಗಿಸುವ ಮುದುಕನೊಬ್ಬ ಕಬ್ಬಿಣದ ಸಲಾಕೆ ಹಿಡಿದೇ ಹತ್ತಿರ ಬಂದ. "ಆ ನಲವತ್ತು ನಿಮಿಷ ಹಾಗೇ ಇದೆ ತಾನೆ?"

"ಯಾಕೆ?" ಅವನು ಕೇಳಿದ.

"ಹೆರಿಗೆ ಆಸ್ಪತ್ರೆ ಬೀದಿ ಪೈಪು ನಿಮ್ಮಜ್ಜನ ಕಾಲದ್ದು. ಪಂಪು ನಿಂತ ಮೇಲೆ ಒಳಗೆ ನೀರು ಸುಮ್ಮನಾಗೋ ಮುಂಚೆ ಮತ್ತೆ ಎಬ್ಬಿಸಿದ್ರೆ ಪೈಪಿಗೆ ಒದೆಯುತ್ತೆ. ಒಂದ್ಸಲ ಪೈಪು ಒಡೆದು, ಬಾಣಂತಿಯರಿಗೆ ಮೂರು ದಿನ ತೊಟ್ಟು ನೀರಿಲ್ಲ. ಅಮ್ಮ ರಿಪೇರಿಗೆ ಅಗೆದ ಗುಂಡಿ ಪಕ್ಕದಲ್ಲೇ ಕೂತು ನನ್ನ ಬಾಯಿ ಬಿಡಿಸಿದ್ರು. ನಿನ್ನ ಹೆಸರೂ ಬರೆದಿದೀನಿ ಅಂದಿದ್ರು. ಇದೆಯಾ ಸಾರ್?"

ಅವನು ಗೋಡೆಯತ್ತ ತಿರುಗಿ ಫೋನು ತೆಗೆದ. ಮೊದಲು ನಾಳೆಯಿಂದ ಜಾರಿಯಾಗಬೇಕಿದ್ದ ಬದಲಾವಣೆಯನ್ನು ರದ್ದು ಮಾಡಿದ. ಕಡತದ ಹಳೆಯ ಪ್ರತಿ ಪುಣ್ಯಕ್ಕೆ ಉಳಿದಿತ್ತು; ಅದನ್ನು ಮರಳಿ ತಂದ. ಮೀಟರು ಓದುವವಳು ಹೇಳಿದ್ದು, ಟ್ಯಾಂಕಿನ ಕಾವಲುಗಾರ ಹೇಳಿದ್ದು, ಆಸ್ಪತ್ರೆಯ ಆಯಾ ಹೇಳಿದ್ದು. ಸಾಲು ಮುಗಿಯಲೇ ಇಲ್ಲ. ತಲೆಯೆತ್ತಿದರೆ, ಆ ಸಾಲುಗಳೇ ಎದ್ದು ಬಂದು ಅಂಗಳದಲ್ಲಿ ಕೂತಂತಿತ್ತು.

"ಇದೆ," ಎಂದು ತೋರಿಸಿದ.

ಮುದುಕ ತನ್ನ ಹೆಸರಿನ ಮೇಲೆ ಬೆರಳು ತಂದು, ಮುಟ್ಟದೆ ನಿಂತ. "ಮುಟ್ಟಿದ್ರೆ ಅಳಿಸಿ ಹೋದೀತು."

ಹೆಣ ಎತ್ತಿದರು. ಹೆರಿಗೆ ಆಸ್ಪತ್ರೆಯ ಬೀದಿಗೆ ಬಂದಾಗ ಮುದುಕ ಪಕ್ಕಕ್ಕೆ ಸರಿದು, ಕೈಯಲ್ಲಿದ್ದ ಕಬ್ಬಿಣದ ಸಲಾಕೆಯನ್ನು ನೆಲಕ್ಕೂರಿ, ಅದರ ತುದಿಗೆ ಕಿವಿಯಿಟ್ಟ. ಆಮೇಲೆ ಅವನನ್ನು ಕಣ್ಣಲ್ಲೇ ಕರೆದ.

ಅವನೂ ಬಗ್ಗಿ ಕಿವಿಯಿಟ್ಟ. ಮೊದಲು ಏನೂ ಕೇಳಿಸಲಿಲ್ಲ. ಅನಂತರ, ಹೊತ್ತವರ ಹೆಜ್ಜೆಗಳಿಗಿಂತ ಎಷ್ಟೋ ಕೆಳಗೆ, ಮಲಗಿದ ಮಗುವಿನ ಉಸಿರಿನಂತೆ ನೀರು ಮೆಲ್ಲಗೆ ಸರಿಯುತ್ತಿತ್ತು.