ಮಿತ್ಸುಯೊ ಹೆಸರಿಗೆ ಬಂದ ಮೂವತ್ತೆಂಟು ಶುಭಾಶಯಗಳು

ಹೊಸ ವರ್ಷದ ಮೊದಲ ದಿನ ಬೆಳಿಗ್ಗೆ ಒಸಾಕದಿಂದ ಫೋನು ಬಂತು. ಮಾತಾಡಿದವಳು ಕಿನುಕೊ, ನನ್ನ ಹೆಂಡತಿಯ ಶಾಲೆಯ ದಿನಗಳ ಗೆಳತಿ.

“ಮೇಷ್ಟ್ರೇ, ಹೊಸ ವರ್ಷದ ಶುಭಾಶಯ! ಎಲ್ಲಿ ಅವಳು? ಒಲೆ ಮುಂದೆ ಇದ್ರೆ ಸೌಟು ಕೆಳಗಿಟ್ಟು ಬರೋಕೆ ಹೇಳಿ. ಅವಳ ಜೊತೆ ಜಗಳ ಆಡೋದಿದೆ. ಮೂರು ಇ-ಮೇಲ್ ಹಾಕಿದೀನಿ, ಒಂದಕ್ಕೂ ಉತ್ತರ ಇಲ್ಲ. ಏನು ದೊಡ್ಡ ಮನುಷ್ಯಳಾಗಿಬಿಟ್ಳಾ?”

“ಮಿತ್ಸುಯೊ ಇಲ್ಲ.”

“ಹಬ್ಬದ ದಿನ ಎಲ್ಲಿಗೆ ಹೋದ್ಲು?”

“ಜುಲೈ ಹನ್ನೊಂದಕ್ಕೆ ತೀರಿಕೊಂಡಳು.”

ಆ ಕಡೆ ಯಾರೋ ಟಿವಿ ಆರಿಸಿದ್ದು ಕೇಳಿಸಿತು. ಆಮೇಲೆ ಕಿನುಕೊ ಬಹಳ ಮೆಲ್ಲಗೆ ಕೇಳಿದಳು: “ನಾನೇನೋ ತಪ್ಪು ಮಾತಾಡಿದ್ದೆ, ಅದಕ್ಕೆ ಮುನಿಸಿಕೊಂಡಿದಾಳೆ ಅಂತ ಅಂದ್ಕೊಂಡಿದ್ದೆ. ಆರು ತಿಂಗಳು ಹಾಗೇ ಅಂದ್ಕೊಂಡಿದ್ದೆ. ನಂಗೆ ಯಾಕೆ ತಿಳಿಸ್ಲಿಲ್ಲ ಮೇಷ್ಟ್ರೇ?”

“ಕಾಗದ ಹಾಕಿದ್ದೆ. ದಾರಿಯಲ್ಲಿ ಎಲ್ಲೋ ತಪ್ಪಿಹೋಗಿರಬೇಕು” ಎಂದೆ.

ಸುಳ್ಳು. ನನಗೆ ಎಪ್ಪತ್ತೊಂಬತ್ತು ವರ್ಷ. ಮೂವತ್ತಾರು ವರ್ಷ ಈ ದ್ವೀಪದ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಹೇಳಿದವನು ನಾನು.

ನಮ್ಮ ಜಪಾನಿನಲ್ಲಿ ಸಾವಾದ ಮನೆಯವರು ಡಿಸೆಂಬರಿಗೆ ಮೊದಲೇ ಎಲ್ಲರಿಗೂ ಕಾರ್ಡು ಹಾಕಬೇಕು. ನಾವು ಸೂತಕದಲ್ಲಿದ್ದೇವೆ, ಈ ವರ್ಷ ಶುಭಾಶಯ ಕಳಿಸಬೇಡಿ ಎಂದು ತಿಳಿಸಬೇಕು. ನನ್ನ ಕಡೆಯವರಿಗೆ ಹಾಕಿದ್ದೆ, ಅವರ ವಿಳಾಸಗಳು ನನ್ನ ಪುಸ್ತಕದಲ್ಲಿದ್ದವು. ಮಿತ್ಸುಯೊಳ ಗೆಳತಿಯರ ವಿಳಾಸಗಳೆಲ್ಲ ಅವಳ ಕಂಪ್ಯೂಟರಿನಲ್ಲಿದ್ದವು. ಅವರಿಗೆ ಹಾಕಲಿಲ್ಲ.

ಹತ್ತು ಗಂಟೆಗೆ ಅಂಚೆಯವನು ರಬ್ಬರ್ ಬ್ಯಾಂಡ್ ಹಾಕಿದ ಕಟ್ಟೊಂದನ್ನು ಕೊಟ್ಟು, ತಲೆಬಾಗಿಸಿ ಹೋದ. ಅವನಿಗೆ ಮಿತ್ಸುಯೊ ಹೋದದ್ದು ಗೊತ್ತಿತ್ತು. ಕಟ್ಟಿನಲ್ಲಿದ್ದ ಮೂವತ್ತೆಂಟು ಕಾರ್ಡುಗಳೂ ಅವಳ ಹೆಸರಿಗೇ ಬಂದಿದ್ದವು. ಒಂದರಲ್ಲಿ ‘ಈ ವರ್ಷವೂ ಗಟ್ಟಿಯಾಗಿರು’ ಎಂದಿತ್ತು. ಇನ್ನೊಂದರಲ್ಲಿ ‘ವಸಂತಕ್ಕೆ ಬರುತ್ತೇವೆ, ನೀನು ಮಾಡಿದ ಕಿತ್ತಳೆ ಮುರಬ್ಬ ಎತ್ತಿಡು’ ಎಂದಿತ್ತು. ಅವನ್ನು ಮನೆಯ ಬುದ್ಧಪೀಠದ ಮುಂದಿಟ್ಟು ಊದುಬತ್ತಿ ಹಚ್ಚಿದೆ. ಅವಳ ಫೋಟೋದ ಕಡೆ ಕಣ್ಣೆತ್ತಲು ನನ್ನಿಂದ ಆಗಲಿಲ್ಲ.

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಎರಡು ವರ್ಷದ ಹಿಂದೆ ಮಿತ್ಸುಯೊ ನಮ್ಮ ಸಮುದಾಯ ಭವನದ ಕಂಪ್ಯೂಟರ್ ತರಗತಿಗೆ ಹೋಗುತ್ತಿದ್ದಳು. ಒಂದು ಸಂಜೆ ಬಂದು ಹೇಳಿದಳು: “ರೀ, ನಮ್ಮ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಹಳೇದಾಯ್ತಂತೆ. ಅಂದ್ರೆ, ಅದನ್ನ ನಡೆಸೋ ಮೂಲ ತಂತ್ರಾಂಶ. ಮಾಡಿದವರು ಇನ್ಮೇಲೆ ಕಳ್ಳರು ನುಗ್ಗೋ ಅದರ ತೂತು ಮುಚ್ಚಲ್ವಂತೆ. ಹೊಸದನ್ನ ಹಾಕೋಣ ಅಂದ್ರೆ ಈ ಯಂತ್ರಕ್ಕೆ ತಡೆಯೋ ಶಕ್ತಿ ಇಲ್ಲ. ಲಿನಕ್ಸ್ ಅಂತ ಒಂದಿದೆಯಂತೆ, ಪುಕ್ಕಟೆ. ನಾನು ಅಲ್ಲಿ ನಡೆಸಿ ನೋಡಿದೆ, ಚೆನ್ನಾಗಿದೆ. ಹಾಕಿಸ್ಲಾ?”

ನಾನು ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ಪುಕ್ಕಟೆ ಸಿಕ್ಕಿದ್ದನ್ನು ಮನೆಗೆ ತರುವುದು ಮೇಷ್ಟರ ಮನೆಗೆ ಶೋಭೆಯಲ್ಲ. ಜನ ಏನೆಂದಾರು? ಇದ್ದದ್ದು ಇರಲಿ” ಎಂದೆ. ಅವಳು “ಆಯ್ತು” ಎಂದು ಒಳಗೆ ಹೋಗಿ ಅಕ್ಕಿ ತೊಳೆದಳು. ಮತ್ತೆ ಆ ಮಾತು ಎತ್ತಲಿಲ್ಲ.

ಕಳೆದ ಅಕ್ಟೋಬರಿನಲ್ಲಿ, ಕಾರ್ಡು ಹಾಕಲು ವಿಳಾಸ ಬೇಕೆಂದು ಅವಳ ಕಂಪ್ಯೂಟರ್ ತೆರೆದೆ. ಎಲ್ಲಿ ಏನಿದೆಯೋ ತಿಳಿಯದೆ ಏನೋ ಒತ್ತಿದೆ. ಪರದೆ ಕೆಂಪಾಯಿತು, ಕೂಗು ಹಾಕಿತು. ‘ನಿಮ್ಮ ಯಂತ್ರಕ್ಕೆ ರೋಗ ತಗುಲಿದೆ, ಆರಿಸಬೇಡಿ, ಈ ಸಂಖ್ಯೆಗೆ ಫೋನು ಮಾಡಿ.’ ಮಾಡಿದೆ. ಬಹಳ ವಿನಯದ ದನಿ. ಇಷ್ಟು ವಿನಯದಿಂದ ಮಾತಾಡುವವರನ್ನು ನಡುವೆ ತಡೆಯುವುದು ಅಸಭ್ಯವೆಂದು ಅವರು ಹೇಳಿದ್ದನ್ನೆಲ್ಲ ಒತ್ತಿದೆ. ಕಾಣದ ಮನುಷ್ಯನಿಗೆ ತಲೆಬಾಗಿಸಿ ನಮಸ್ಕಾರವನ್ನೂ ಮಾಡಿದೆ. ಪರದೆಯ ಮೇಲೆ ಬಾಣದ ಗುರುತು ತಾನಾಗಿ ಓಡಾಡತೊಡಗಿತು. ಕೊನೆಗೆ, ಹತ್ತಿರದ ಅಂಗಡಿಗೆ ಹೋಗಿ ಹಣ ತುಂಬಿದ ಕಾರ್ಡು ಕೊಂಡು ಅದರ ಸಂಖ್ಯೆ ಓದಿ ಎಂದರು. ನಮ್ಮ ದ್ವೀಪದಲ್ಲಿ ಅಂಥ ಅಂಗಡಿಯೇ ಇಲ್ಲ ಎಂದೆ. ವಿನಯ ಅಲ್ಲಿಗೆ ಮುಗಿಯಿತು. ದನಿ ಬೈದು ಫೋನಿಟ್ಟಿತು. ಅವಳ ಕಡತಗಳಿಗೆಲ್ಲ ಬೀಗ ಬಿದ್ದಿತ್ತು.

ಕಂಪ್ಯೂಟರನ್ನು ಬಟ್ಟೆಯಲ್ಲಿ ಸುತ್ತಿ ಹಾಸಿಗೆಯ ಕಪಾಟಿನೊಳಗೆ ತಳ್ಳಿದೆ. ಯಾರಿಗೂ ಹೇಳಲಿಲ್ಲ. ನಾಚಿಕೆಯಾಯಿತು. ಆ ನಾಚಿಕೆಯನ್ನು ಮುಚ್ಚಿಕೊಳ್ಳಲು ಮೂವತ್ತೆಂಟು ಜನರನ್ನು ಕತ್ತಲೆಯಲ್ಲಿಟ್ಟೆ.

ಆದರೆ ಶುಭಾಶಯದ ಕಾರ್ಡಿನ ಮೇಲೆ ಕಳಿಸಿದವರ ವಿಳಾಸವಿರುತ್ತದೆ. ಕಳೆದುಹೋದದ್ದು ನನ್ನ ಬಾಗಿಲಿಗೇ ಬಂದು ಬಿದ್ದಿತ್ತು. ಹಬ್ಬ ಮುಗಿಯುವ ಜನವರಿ ಏಳು ಕಳೆದ ಮೇಲೆ, ಪಂಚಾಂಗದಲ್ಲಿ ವಸಂತ ಹುಟ್ಟುವ ಫೆಬ್ರವರಿ ನಾಲ್ಕರ ಒಳಗೆ, ಚಳಿಗಾಲದ ಕುಶಲಪತ್ರ ಬರೆದು ಸಾವನ್ನು ತಿಳಿಸಬಹುದು. ಅದಕ್ಕೂ ತಪ್ಪಿದರೆ ಆಮೇಲೆ ಯಾವ ಮುಖ ಇಟ್ಟುಕೊಂಡು ಬರೆಯುವುದು? ಈ ಚಳಿ ಹಿಡಿದ ಮೇಲೆ ನನ್ನ ಬಲಗೈ ನಡುಗುತ್ತದೆ. ಎರಡು ಕಾರ್ಡು ಬರೆದೆ, ಎರಡೂ ಓದುವಂತಿರಲಿಲ್ಲ. ಕಂಪ್ಯೂಟರ್ ಬೇಕೇ ಬೇಕಾಯಿತು.

ರಜೆ ಮುಗಿದು ಭವನ ತೆರೆದ ದಿನ ಬಟ್ಟೆಯ ಗಂಟು ಹಿಡಿದು ಹೋದೆ. ಪಕ್ಕದ ಮನೆಯ ಯೊನೆಜೊ ಆಗಲೇ ಸೀಮೆಎಣ್ಣೆ ಒಲೆಯ ಹತ್ತಿರ ಕೂತು ಕಿತ್ತಳೆ ಸುಲಿಯುತ್ತಿದ್ದ. ಅವನು ಅಲ್ಲಿಗೆ ಬರುವುದು ಬೆಚ್ಚಗಿರುತ್ತದೆ ಎಂದು ಮಾತ್ರ.

“ಏನು ಮೇಷ್ಟ್ರೇ, ಗಂಟು ಕಟ್ಕೊಂಡು ಹೊರಟ್ರಿ? ತವರುಮನೆಗಾ?”

ಕಲಿಸುವವರು ಹಾತ್ಸುಮಿ. ದೋಣಿಕಟ್ಟೆಯಲ್ಲಿ ಇಪ್ಪತ್ತೆಂಟು ವರ್ಷ ಟಿಕೆಟು ಕೊಟ್ಟು ನಿವೃತ್ತರಾದವರು. ಈಗಲೂ ಗಾಳಿಗೆ ಎದುರಾಗಿ ಮಾತಾಡುವ ಹಾಗೆ ಗಟ್ಟಿಯಾಗಿ ಮಾತಾಡುತ್ತಾರೆ. ಗಂಟು ಬಿಚ್ಚಿದ ಕೂಡಲೇ ಅವರ ದನಿ ಇಳಿಯಿತು.

“ಇದು ಮಿತ್ಸುಯೊ ಅವರದ್ದು.”

“ಹೌದು.”

“ಲಿನಕ್ಸ್ ಹಾಕ್ಸೋಕೆ ದಿನ ಗೊತ್ತು ಮಾಡಿದ್ವಿ. ನಿಮಗೆ ಮೊಣಕಾಲು ನೋವು, ಬಿಟ್ಟು ಬರೋಕಾಗಲ್ಲ ಅಂದ್ರು. ಈಗ ಹೇಗಿದೆ ಕಾಲು?”

ನನ್ನ ಮೊಣಕಾಲಿಗೆ ಎಂದೂ ನೋವಿರಲಿಲ್ಲ. ಬೇಡ ಎಂದವನು ಗಂಡ ಎಂದು ಹೇಳಿದರೆ ನನ್ನ ಮರ್ಯಾದೆ ಹೋದೀತೆಂದು ಅವಳು ಕಾಲಿನ ಮೇಲೆ ಹಾಕಿದ್ದಳು. ಆ ಒಲೆಯ ಪಕ್ಕದಲ್ಲಿ, ಯೊನೆಜೊನ ಎದುರಿಗೇ, ನಾನು ಎಲ್ಲವನ್ನೂ ಹೇಳಿದೆ. ಪುಕ್ಕಟೆ ಎಂದು ಹಳಿದದ್ದು, ಕೆಂಪು ಪರದೆ, ಮಾಡಿದ ನಮಸ್ಕಾರ, ಕಿನುಕೊಗೆ ಹೇಳಿದ ಸುಳ್ಳು.

ಯೊನೆಜೊ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿದ್ದ. “ನಂಗೂ ಆ ಕೆಂಪು ಪರದೆ ಬಂದಿತ್ತು. ನಾನು ವಯರೇ ಕಿತ್ತು ಬಿಸಾಕಿದೆ. ಅವತ್ತಿಂದ ಮುಟ್ಟಿಲ್ಲ. ಯಾರಿಗೂ ಹೇಳಿರಲಿಲ್ಲ ನೋಡಿ.”

ಹಾತ್ಸುಮಿ ಬೈಯಲಿಲ್ಲ. ಕಂಪ್ಯೂಟರ್ ಪರೀಕ್ಷಿಸಿ ಹೇಳಿದರು: “ಈ ಬೀಗ ತೆಗೆಯೋದು ನನ್ನಿಂದ ಆಗಲ್ಲ. ಡಿಸ್ಕ್ ಅಳಿಸೋದು ಬೇಡ, ತೆಗೆದಿಡೋಣ. ಮುಂದೆ ಯಾರಾದ್ರೂ ಬೀಗ ತೆಗೆದಾರು. ಸಾಮಾನು ಡಬ್ಬದಲ್ಲಿ ಒಂದು ಬೇರೆ ಡಿಸ್ಕ್ ಇದೆ, ಅದಕ್ಕೆ ಲಿನಕ್ಸ್ ಹಾಕೋಣ. ಪೊಲೀಸ್ ಚೌಕಿಗೂ ತಿಳಿಸಿ. ಸಿಸ್ಟಂ ಹಾಕೋಕೆ ಮೊದಲು ಕಡತಗಳದ್ದೊಂದು ಪ್ರತಿ ತೆಗೆದು ಬೇರೆ ಕಡೆ ಇಡಿಸ್ತೀನಿ ನಾನು, ಎಲ್ಲರ ಕೈಲೂ. ಅದೇ ನಮ್ಮ ಮೊದಲ ಕೆಲಸ…” ಎಂದು ಅಲ್ಲಿಗೇ ನಿಲ್ಲಿಸಿದರು.

ನಿಲ್ಲಿಸಿದ್ದನ್ನು ನಾನೇ ಮುಗಿಸಿದೆ. “ಅವಳಿಗೆ ಒಪ್ಪಿಗೆ ಕೊಟ್ಟಿದ್ದರೆ ಆ ಪ್ರತಿ ಇವತ್ತು ಇರುತ್ತಿತ್ತು.”

“ಇರ್ತಿತ್ತು” ಎಂದರು. ಅವರು ಸುಳ್ಳು ಸಮಾಧಾನ ಹೇಳದೆ ಇದ್ದುದಕ್ಕೆ ನಾನು ಇಂದಿಗೂ ಋಣಿ.

ಯೊನೆಜೊ ಕೇಳಿದ: “ಅಲ್ಲಾ, ಪುಕ್ಕಟೆ ಅಂದ್ರೆ ಎಲ್ಲೋ ಕೊಕ್ಕೆ ಇರ್ಲೇಬೇಕಲ್ಲ? ಯಾರು ಧರ್ಮಕ್ಕೆ ದುಡೀತಾರೆ?”

“ನಮ್ಮ ಮಹಿಳಾ ಸಂಘದವರು ಬಾರ್ಲಿ ಹುದುಗಿಸಿ ಮಾಡೋ ಮಿಸೊ ತಿಂತೀರಲ್ಲ, ಅದರಲ್ಲಿ ಏನು ಕೊಕ್ಕೆ ಇದೆ? ಮಾಡೋ ಕ್ರಮ ಗೋಡೆ ಮೇಲೆ ಬರೆದು ಹಾಕಿದೀವಿ. ಯಾರು ಬೇಕಾದ್ರೂ ಓದಬಹುದು, ಮಾಡಬಹುದು, ಉಪ್ಪು ಕಡಿಮೆ ಬೇಕಾದ್ರೆ ಕಡಿಮೆ ಹಾಕ್ಕೋಬಹುದು. ಒಬ್ಬಳು ಏನಾದ್ರೂ ಕೆಡಿಸಿದ್ರೆ ಹತ್ತು ಜನ ನೋಡಿ ಹೇಳ್ತಾರೆ. ಇದೂ ಹಾಗೇ. ಒಳಗೆ ಏನು ಬರೆದಿದೆ ಅಂತ ಎಲ್ಲರಿಗೂ ತೆರೆದಿಟ್ಟಿದಾರೆ. ಕೆಲವರು ಸಂಬಳಕ್ಕೆ ದುಡೀತಾರೆ, ಕೆಲವರು ಇಷ್ಟಕ್ಕೆ.”

“ಹಾಕಿದ್ರೆ ಗಟ್ಟಿದೇ ಹಾಕಿ ಹಂಗಾದ್ರೆ. ನನ್ನ ಅಳಿಯ ಹೇಳ್ತಿದ್ದ, ಬಲ್ಲವರು ಕಪ್ಪು ಪರದೆ ಮೇಲೆ ಬರೀ ಅಕ್ಷರ ಹೊಡೀತಾರಂತೆ.”

“ತೊಂದರೆ ಆದಾಗ ನಿಮ್ಮ ಅಳಿಯ ಬಂದು ಕೂರ್ತಾರಾ?”

“ಅವನ ಮುಖ ನೋಡಿ ಮೂರು ವರ್ಷ ಆಯ್ತು.”

“ಹಾಗಾದ್ರೆ ಬಿಡಿ.”

ಹಾತ್ಸುಮಿ ಮೂರು ಪೆನ್‌ಡ್ರೈವ್ ತಂದಿಟ್ಟರು. ಒಂದೊಂದರಲ್ಲೂ ಒಂದೊಂದು ಬಗೆಯ ಲಿನಕ್ಸ್. ಕಂಪ್ಯೂಟರಿನಲ್ಲಿ ಏನನ್ನೂ ಬದಲಿಸದೆ, ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು, ಒಪ್ಪಿಗೆಯಾಗದಿದ್ದರೆ ಕಿತ್ತರಾಯಿತು. ಮೊದಲನೆಯದು ಬಹಳ ಚೆಂದ, ನಾನು ಅದನ್ನೇ ಕೇಳಿದೆ. ಆದರೆ ಹಳೆಯ ಯಂತ್ರ ಅದನ್ನು ಹೊರಲಾರದೆ ಏದುಸಿರು ಬಿಟ್ಟಿತು. ಎರಡನೆಯದು ಹಗುರ. ಅಕ್ಷರ ಅಕ್ಕಿಯ ನುಚ್ಚಿನ ಹಾಗೆ. ಮೂರನೆಯದರ ಹೆಸರು ಲಿನಕ್ಸ್ ಮಿಂಟ್. ಕೆಳಗೆ ಎಡಮೂಲೆಯಲ್ಲಿ ಒತ್ತಿದರೆ ಪಟ್ಟಿ ತೆರೆದುಕೊಂಡಿತು, ಮಿತ್ಸುಯೊ ಒತ್ತುತ್ತಿದ್ದ ಅದೇ ಜಾಗದಲ್ಲಿ.

“ಅವಳು ನೋಡಿದ್ದು ಇದೇನಾ?”

“ಇದೇ. ಆದ್ರೆ ಅವರು ಒಪ್ಪಿದ್ರು ಅಂತ ನೀವು ಒಪ್ಪಬೇಡಿ. ನಿಮಗೆ ಏನು ಕೆಲಸ ಆಗ್ಬೇಕೋ ಅದನ್ನ ಮಾಡಿ ನೋಡಿ. ಸುಮ್ಮನೆ ಪರದೆ ಚಿತ್ರ ನೋಡಿ ಮದುವೆ ಆಗಬೇಡಿ.”

ನಮ್ಮ ಲಿಪಿಯಲ್ಲಿ ಟೈಪು ಮಾಡಿದೆ, ಬರಲಿಲ್ಲ, ಬರೀ ರೋಮನ್ ಅಕ್ಷರ. ಯೊನೆಜೊ “ನಾನು ಹೇಳಲಿಲ್ವಾ!” ಎಂದ. ಹಾತ್ಸುಮಿ ಅದರ ಸಿದ್ಧತೆಯಲ್ಲಿ ಜಪಾನಿ ಬರಹವನ್ನು ಸೇರಿಸಿದರು, ಬಂತು. ಭವನದ ಪ್ರಿಂಟರಿಗೆ ಕಾರ್ಡು ಕೊಟ್ಟೆವು. ಮೊದಲನೆಯದು ತಲೆಕೆಳಗಾಗಿ ಬಂತು, ಎರಡನೆಯದು ಸರಿಯಾಯಿತು. ಅಕ್ಷರ ದೊಡ್ಡದು ಮಾಡುವುದನ್ನು ತೋರಿಸಿದರು. ಶುಭಾಶಯ ಕಾರ್ಡಿನ ಹಳೆಯ ತಂತ್ರಾಂಶ ಇದರಲ್ಲಿ ನಡೆಯುವುದಿಲ್ಲವೆಂದೂ, ಬದಲಿಗೆ ಲಿಬ್ರೆ ಆಫೀಸ್ ಕಲಿಯಬೇಕೆಂದೂ ಮುಚ್ಚುಮರೆ ಇಲ್ಲದೆ ಹೇಳಿದರು. ಇನ್ನೂ ಹಲವು ವರ್ಷ ದುರಸ್ತಿ ಸಿಗುವ ಆವೃತ್ತಿಯನ್ನೇ ಆರಿಸಿದರು. “ಇನ್ನೊಂದು ಮಾತು. ಈ ಓಣಿಯಲ್ಲಿ ಆರು ಮನೇಲಿ ಇದೇ ಇದೆ. ಕಷ್ಟ ಬಂದ್ರೆ ಯಾರ ಬಾಗಿಲು ಬೇಕಾದ್ರೂ ತಟ್ಟಬಹುದು. ಅದು ಎಲ್ಲಕ್ಕಿಂತ ದೊಡ್ಡದು.”

“ಇನ್ನು ಆ ಕೆಂಪು ಪರದೆ ಬರಲ್ಲ ಅಲ್ವಾ?” ಎಂದು ಯೊನೆಜೊ ಕೇಳಿದ.

“ಬರುತ್ತೆ. ಅದು ಎಲ್ಲಿ ಬೇಕಾದ್ರೂ ಬರುತ್ತೆ. ನೀವೇ ಫೋನ್ ಮಾಡಿ ಕಳ್ಳನಿಗೆ ಬಾಗಿಲು ತೆಗೆದ್ರೆ ಯಾವ ಸಿಸ್ಟಂ ಏನು ಮಾಡೀತು? ಫೋನ್ ನಂಬರ್ ತೋರಿಸಿ ಕೂಗೋದು ಯಾವುದೂ ನಿಜ ಅಲ್ಲ. ಮುಚ್ಚಿ, ನನ್ನ ಹತ್ರ ಬನ್ನಿ. ಮೇಷ್ಟ್ರೇ, ನಮಸ್ಕಾರ ಬೇಕಾದ್ರೆ ನನಗೆ ಮಾಡಿ.”

ಆ ದಿನ ಆರು ತಿಂಗಳ ಮೇಲೆ ಮೊದಲ ಸಲ ನಗು ಬಂತು.

ಮೂರು ವಾರ ದಿನವೂ ಹೋದೆ. ಪತ್ರದಲ್ಲಿ ಹೀಗೆ ಬರೆದೆ: ‘ಮಿತ್ಸುಯೊ ಜುಲೈ ಹನ್ನೊಂದರಂದು ತೀರಿಕೊಂಡಳು. ನಿಮಗೆ ತಿಳಿಸದೆ ಇದ್ದದ್ದು ನನ್ನ ತಪ್ಪು. ಕಾರಣ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆ ನಾಚಿಕೆಯೇ ಕಾರಣ.’ ಮೂವತ್ತೆಂಟೂ ಜನವರಿ ಮೂವತ್ತರ ದೋಣಿಗೆ ಹೋದವು. ವಿಳಾಸಗಳ ಪ್ರತಿಯೊಂದನ್ನು ತೆಗೆದು ಹಾತ್ಸುಮಿಯವರ ಕಪಾಟಿನಲ್ಲಿಟ್ಟೆ. ಯೊನೆಜೊ ತನ್ನ ಕಂಪ್ಯೂಟರನ್ನು ಕಿತ್ತಳೆಯ ಬುಟ್ಟಿಯಲ್ಲಿ ಹೊತ್ತು ತಂದ. ಈಗ ಅವನ ಮನೆಯದೂ ಸೇರಿ ಎಂಟು ಮನೆ.

ಕಿನುಕೊಗೆ ಮಾತ್ರ ಕಾರ್ಡಿನ ಜೊತೆಗೆ ಫೋನನ್ನೂ ಮಾಡಿದೆ. “ಕಾಗದ ದಾರಿ ತಪ್ಪಿರಲಿಲ್ಲ. ನಾನು ಹಾಕೇ ಇರಲಿಲ್ಲ” ಎಂದೆ.

ಅವಳು ಹೇಳಿದಳು: “ಇವತ್ತು ನಾನು ನಿಮ್ಮನ್ನ ಕ್ಷಮಿಸಲ್ಲ ಮೇಷ್ಟ್ರೇ. ಮಾರ್ಚಿನಲ್ಲಿ ತೀರಿಹೋದ ಹಿರಿಯರನ್ನ ನೆನೆಯೋ ವಾರಕ್ಕೆ ಬರ್ತೀನಿ. ಅವಳ ಸಮಾಧಿ ಮುಂದೆ ನಿಲ್ಲಿಸಿ ಬೈತೀನಿ.”

ಬಂದಳು. ಇನ್ನೂ ನಾಲ್ವರು ಗೆಳತಿಯರನ್ನು ಕರೆದುಕೊಂಡು ಬಂದಳು. ಹೇಳಿದ ಹಾಗೆಯೇ ಬೈದಳು. ನಾನು ತಲೆತಗ್ಗಿಸಿ ನಿಂತು ಪೂರ್ತಿ ಕೇಳಿದೆ. ಆಮೇಲೆ ಆ ಐವರೂ ಕಲ್ಲಿಗೆ ನೀರು ಹಾಕಿ ತಿಕ್ಕಿ ತೊಳೆದು, ತಾವು ಶಾಲೆಯಲ್ಲಿ ಹಾಡುತ್ತಿದ್ದ ಹಾಡನ್ನು ಮಿತ್ಸುಯೊಗೆ ಕೇಳಿಸುವಷ್ಟು ಗಟ್ಟಿಯಾಗಿ ಹಾಡಿದರು.

ಓದುವವರೇ, ನನ್ನ ವಯಸ್ಸಿನವರೇ, ನಿಮ್ಮ ಮನೆಯ ಕಂಪ್ಯೂಟರಿಗೆ ಇನ್ನೂ ದುರಸ್ತಿ ಸಿಗುತ್ತಿದೆಯೇ ಎಂದು ಇವತ್ತೇ ಕೇಳಿ. ಸಿಗದಿದ್ದರೆ ಯಂತ್ರ ಎಸೆಯಬೇಡಿ, ಇದ್ದ ಹಾಗೂ ಬಿಡಬೇಡಿ. ಮೊದಲು ನಿಮ್ಮ ಕಡತಗಳ ಪ್ರತಿ ತೆಗೆದಿಡಿ. ಆಮೇಲೆ ಭವನಕ್ಕೆ ಬನ್ನಿ, ಪೆನ್‌ಡ್ರೈವಿನಿಂದ ನಡೆಸಿ ನೋಡಿ, ನಿಮ್ಮ ಕೈಗೆ ಒಗ್ಗುವುದನ್ನು, ನಿಮ್ಮ ನೆರೆಯವರಿಗೆ ಗೊತ್ತಿರುವುದನ್ನು ಆರಿಸಿ. ಮನೆಯ ಹೆಂಗಸು ಏನಾದರೂ ಕಲಿತು ಬಂದು ಹೇಳಿದರೆ, ದಯವಿಟ್ಟು, ಪತ್ರಿಕೆಯಿಂದ ತಲೆ ಎತ್ತಿ. ಮೋಸ ಹೋಗಿದ್ದರೆ ಬಚ್ಚಿಡಬೇಡಿ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ನಾನೂ ಅಲ್ಲಿರುತ್ತೇನೆ. ನನಗಿಂತ ಹೆಚ್ಚು ನಾಚಿಕೆಪಡುವಂಥದ್ದನ್ನು ನೀವು ಮಾಡಿರಲಾರಿರಿ.

ಅಮಿದ ಬುದ್ಧನೇ, ಕರುಣಾಳುವೇ, ಮಿತ್ಸುಯೊಳನ್ನು ನಿನ್ನ ಶುದ್ಧ ಭೂಮಿಯಲ್ಲಿ ಇರಿಸಿಕೋ. ಅವಳ ದಣಿವು ಆರಲಿ, ಅವಳ ಮನಸ್ಸು ತಂಪಾಗಿರಲಿ. ಅವಳು ಹೇಳಿದ್ದನ್ನು ಕೇಳುವವರ ನಡುವೆ ಅವಳಿಗೆ ಶಾಂತಿ ಸಿಗಲಿ. ನಮು ಅಮಿದ ಬುತ್ಸು, ಅಮಿದ ಬುದ್ಧನಿಗೆ ಶರಣು.